ಮೇಣ ಕಚ್ಚಿದ ಗುರುತು

ಜನವರಿ 6

ಅಕ್ಕಾ,

ನೀನು ಎರಡು ಸಲ ಫೋನ್ ಮಾಡಿದ್ದೆಯಂತೆ, ಇವಳು ಹೇಳಿದಳು. ನಾನು ಮನೆಯಲ್ಲೇ ಇದ್ದೆ. ಸುಳ್ಳು ಯಾಕೆ ಹೇಳಲಿ, ಬೇಕೆಂದೇ ತೆಗೆದುಕೊಳ್ಳಲಿಲ್ಲ. ಕಾಗದದ ಮೇಲೆ ನನ್ನ ‘ಸ’ ನೆಟ್ಟಗೆ ನಿಲ್ಲುತ್ತದೆ, ಫೋನಿನಲ್ಲಿ ನಿಲ್ಲುವುದಿಲ್ಲ. ನಾಲ್ಕು ಮಾತಿಗೆ ಮೂರು ಸಲ ‘ಏನಂದೆ? ಏನಂದೆ?’ ಅನ್ನಿಸಿಕೊಳ್ಳುವುದಕ್ಕಿಂತ ಅಂಚೆಯವರಿಗೆ ಕೆಲಸ ಕೊಡುವುದು ಮೇಲು.

ವರ್ಷಕ್ಕೊಂದು ಸಲ ತಪ್ಪದೆ ‘ಆ ದವಡೆ ತೋರಿಸಿಕೋ’ ಅಂತ ನೀನು ನನ್ನ ತಲೆ ತಿನ್ನುತ್ತೀಯಲ್ಲ, ಈ ವರ್ಷ ನಾನೇ ಕೇಳುತ್ತಿದ್ದೇನೆ. ಕೆಳದವಡೆಯನ್ನು ಮುಂದಕ್ಕೆ ತಂದು ಕೂರಿಸುವ ಆಪರೇಷನ್ ಅಂತ ಹೇಳುತ್ತಿದ್ದೆಯಲ್ಲ, ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆ? ಆಮೇಲೆ ಮಾತು ಸರಿಹೋಗುತ್ತದೆಯೇ?

ಕಾರಣ ಹೇಳಿಬಿಡುತ್ತೇನೆ. ಹೋದ ತಿಂಗಳು ಮಗಳನ್ನು ಕರೆದುಕೊಂಡು ಬರಲು ಶಿಶುವಿಹಾರಕ್ಕೆ ಹೋಗಿದ್ದೆ. ಗೇಟಿನ ಬಳಿ ಟೀಚರ್ ನಗುನಗುತ್ತಾ ‘ನಿಮ್ಮ ಮಗಳು ಥೇಟ್ ನಿಮ್ಮ ಹಾಗೇ ಮಾತಾಡ್ತಾಳೆ ಸಾರ್’ ಅಂದರು. ಪಾಪ, ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಅಲ್ಲಿ ನಿಂತಿದ್ದ ನಾಲ್ಕೈದು ತಾಯಂದಿರೂ ನಕ್ಕರು. ದಾರಿಯಲ್ಲಿ ಕಿವಿಗೊಟ್ಟು ಕೇಳಿದೆ. ‘ಬಸ್ಸು’, ‘ಸೈಕಲ್ಲು’, ‘ಸಾಕು’ ಎಲ್ಲವೂ ನನ್ನ ಬಾಯಿಂದ ಬಂದ ಹಾಗೇ ಬಂದವು. ಅವಳ ಹಲ್ಲು ಸರಿಯಾಗಿದೆ, ಗದ್ದವೂ ಅವಳ ಅಮ್ಮನದು. ಹಾಗಾದರೆ ಆ ಮಾತು ಎಲ್ಲಿಂದ ಬಂತು? ನನ್ನಿಂದಲೇ.

ಅವಳು ಹುಟ್ಟಿದಾಗ ನಾನು ಹಾಕಿದ್ದು ಒಂದೇ ಷರತ್ತು, ಹೆಸರಿನಲ್ಲಿ ‘ಸ’ ಇರಬಾರದು ಅಂತ. ಹಾಗೇ ಇಟ್ಟೆವು. ಆದರೆ ಗಾತ್ರಕ್ಕೆ ಮೀರಿದ ಅವಳ ಖಾರ ನೋಡಿ ಇವಳು ‘ಮೆಣಸು’ ಅಂತ ಕರೆಯಲು ಶುರುಮಾಡಿದಳು, ಈಗ ಇಡೀ ಬೀದಿಯೇ ಕರೆಯುತ್ತದೆ, ಹುಟ್ಟುಹೆಸರು ಹಿಡಿದು ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ. ನಾನೊಬ್ಬ ಮಾತ್ರ ‘ಏಯ್’, ‘ಬಾ ಇಲ್ಲಿ’ ಅನ್ನುತ್ತಿದ್ದೆ.

ಅವಳಿಗೀಗ ಮೂರೂವರೆ. ಅವಳ ನಾಲಿಗೆ ಗಟ್ಟಿಯಾಗುವ ಮುಂಚೆ ನನ್ನದು ಸರಿಯಾಗಬೇಕು. ಬೇಗ ಬರೆ.

ನಿನ್ನ ತಮ್ಮ

*

ಜನವರಿ 14

ನನ್ನ ಮುದ್ದು ಮೊದ್ದು ತಮ್ಮಾ,

ನಿನ್ನ ಕಾಗದ ಓದುತ್ತಾ ಪ್ಲಾಸ್ಟರ್ ಕಲಸುವುದನ್ನೇ ಮರೆತೆ. ಬಟ್ಟಲೊಳಗೆ ಅದು ಕಲ್ಲಾಗಿ ಕೂತಿತು. ‘ಏನಮ್ಮಾ, ಈ ವಯಸ್ಸಿನಲ್ಲಿ ಪ್ರೇಮಪತ್ರವಾ?’ ಅಂತ ಲ್ಯಾಬಿನಲ್ಲಿ ಎಲ್ಲರೂ ರೇಗಿಸಿದರು. ಹೌದು, ಹಾಗೇ ಅಂದುಕೊಳ್ಳಿ ಅಂದೆ. ಹದಿನೇಳು ವರ್ಷದಿಂದ ಊರವರ ಬಾಯಿಗೆಲ್ಲ ಹಲ್ಲು ಮಾಡಿ ಕೊಟ್ಟಿದ್ದೇನೆ. ಸ್ವಂತ ತಮ್ಮನ ದವಡೆ ಮಾತ್ರ ನನ್ನ ಮೇಜಿನ ಮೇಲೆ ಬರಲಿಲ್ಲ ಅನ್ನುವ ಕೊರಗು ಇವತ್ತು ಹೋಯಿತು.

ಮೊದಲು ನಿನ್ನ ನಾಲಿಗೆಯನ್ನು ಬೈಯುವುದು ನಿಲ್ಲಿಸು. ‘ಸ’ ಅನ್ನಬೇಕಾದರೆ ನಾಲಿಗೆಯ ತುದಿ ಮೇಲಿನ ಮುಂಹಲ್ಲುಗಳ ಹಿಂದೆ ಇರುವ ದಿಣ್ಣೆಯ ಹತ್ತಿರ ಹೋಗಬೇಕು, ಆದರೆ ಮುಟ್ಟಬಾರದು. ನಡುವೆ ಒಂದು ಸಣ್ಣ ಕಾಲುವೆ ಉಳಿಸಬೇಕು. ಗಾಳಿ ಅದರಲ್ಲಿ ನುಗ್ಗಿ ಮುಂಹಲ್ಲಿನ ಅಂಚಿಗೆ ಬಡಿದರೆ ‘ಸ’. ನಿನ್ನ ಕೆಳದವಡೆ ಹಿಂದಿದೆ, ಅದರ ಮೇಲೆ ಕೂತ ನಾಲಿಗೆಯೂ ಹಿಂದಿದೆ. ಪಾಪ ಅದು ಮುಂದಿನ ಜಾಗ ಮುಟ್ಟಲು ಚಾಚಿಕೊಳ್ಳುತ್ತೆ, ಚಾಚಿದಾಗ ಚಪ್ಪಟೆಯಾಗುತ್ತೆ, ಗಾಳಿ ಎರಡೂ ಪಕ್ಕಕ್ಕೆ ಚೆಲ್ಲಿಹೋಗುತ್ತೆ. ‘ಪ’, ‘ಬ’, ‘ಮ’ಕ್ಕೆ ತುಟಿ ಕೂಡಬೇಕು, ನಿನ್ನ ಕೆಳತುಟಿ ಮೇಲಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಇದೆಯಲ್ಲ, ನಿನ್ನ ವಿಷಯದಲ್ಲಿ ನಿಜವಾಗಿಯೂ ನೆಲವೇ ಡೊಂಕು ಕಣೋ.

ಆದರೆ ಇದು ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಕೆಲಸವಲ್ಲ. ಮೊದಲು ಹಲ್ಲಿಗೆ ತಂತಿ ಹಾಕಿ ಸಾಲು ಸರಿಮಾಡಬೇಕು, ಅದಕ್ಕೇ ಒಂದೂವರೆ ವರ್ಷ. ಆಮೇಲೆ ಆಪರೇಷನ್. ಅದಾದ ಮೇಲೆ ಹೊಸ ಜಾಗದಲ್ಲಿ ನಾಲಿಗೆ ಮತ್ತೆ ಅಭ್ಯಾಸ ಮಾಡಬೇಕು. ನಮ್ಮ ಲ್ಯಾಬಿನ ಮೇಲಿನ ಮಹಡಿಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಇದ್ದಾರೆ, ಅವರೇ ಇದನ್ನು ಹೇಳಿದ್ದು.

ಈಗ ನಿನ್ನ ಕೆಲಸ ಇಷ್ಟು. ನಿಮ್ಮೂರಿನ ಯಾವುದಾದರೂ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಮೇಲಿನದು ಕೆಳಗಿನದು ಎರಡೂ ಅಚ್ಚು ತೆಗೆಸು, ಹಲ್ಲು ಕೂಡಿಸಿ ಮೇಣದ ಹಾಳೆಯೊಂದನ್ನು ಕಚ್ಚು, ಮೂರನ್ನೂ ನನಗೆ ಕಳಿಸು. ಅಚ್ಚು ಎರಡು ಗೋಡೆ ಇದ್ದ ಹಾಗೆ, ಅವು ಒಂದಕ್ಕೊಂದು ಹೇಗೆ ಕೂಡುತ್ತವೆ ಅಂತ ಹೇಳೋದು ಮೇಣ ಮಾತ್ರ. ಇಲ್ಲಿನ ಸರ್ಜನ್ ಲೆಕ್ಕ ಹಾಕೋದೆಲ್ಲ ಅದರ ಮೇಲೆ. ನೆನಪಿಟ್ಟುಕೋ.

ಮೆಣಸಿಗೆ ಎರಡು ಮುತ್ತು, ಖಾರ ಹತ್ತಿದರೆ ಇನ್ನೊಂದು.

ಅಕ್ಕ

*

ಜನವರಿ 29

ಅಕ್ಕಾ,

ಇದರ ಜೊತೆ ಪೆಟ್ಟಿಗೆ ಬರುತ್ತಿದೆ. ಅಚ್ಚುಗಳನ್ನು ಬೈಂಡಿಂಗ್ ಬಟ್ಟೆಯ ಚೂರಿನಲ್ಲಿ ಸುತ್ತಿ, ನಾಲ್ಕೂ ಕಡೆ ರಟ್ಟು ಕೊಟ್ಟಿದ್ದೇನೆ. ನಿಘಂಟಿನ ಹದಿಮೂರು ಸಂಪುಟಗಳನ್ನು ಬಿಚ್ಚಿ ಹೊಲಿದವನಿಗೆ ಎರಡು ದವಡೆ ಕಟ್ಟುವುದು ದೊಡ್ಡದಲ್ಲ.

ಬಾಯಿತುಂಬ ಗುಲಾಬಿ ಬಣ್ಣದ ಅಂಟು ತುಂಬಿ ಡಾಕ್ಟರು ‘ಮೂಗಿನಲ್ಲಿ ಉಸಿರಾಡಿ’ ಅಂದರು. ಆ ಎರಡು ನಿಮಿಷ ನನಗೆ ಹಿತವಾಗಿತ್ತು, ಯಾರೂ ಉತ್ತರ ಕೇಳುವಂತಿರಲಿಲ್ಲ. ಆಮೇಲೆ ಬಿಸಿಮಾಡಿದ ಮೇಣ ಇಟ್ಟು ‘ಹಲ್ಲು ಕೂಡಿಸಿ ಕಚ್ಚಿ’ ಅಂದರು. ತುಂಬ ಚೆನ್ನಾಗಿ ಕಚ್ಚಿದ್ದೇನೆ. ಕಿವಿಯ ಹತ್ತಿರ ಯಾವಾಗಲೂ ಆಗುವ ಲಟಕ್ ಸದ್ದು ಅವರಿಗೂ ಕೇಳಿಸಿತು, ನೋವು ಇದೆಯೇ ಅಂದರು. ಸಾಯಂಕಾಲದ ಹೊತ್ತಿಗೆ ಇದ್ದೇ ಇರುತ್ತದೆ ಅಂದೆ.

ಒಂದೂವರೆ ವರ್ಷ ಅಂದರೆ ಮೆಣಸಿಗೆ ಐದು ತುಂಬುತ್ತದೆ. ನಾನು ಎರಡು ಮೂರು ತಿಂಗಳು ಅಂದುಕೊಂಡಿದ್ದೆ. ಇರಲಿ, ತಡೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ನನ್ನ ಮಾತು ಅವಳಿಗೆ ಅಂಟದ ಹಾಗೆ ಎಚ್ಚರಿಕೆ ವಹಿಸಿದ್ದೇನೆ. ಇವಳಿಗೆ ಅದರಿಂದ ಸ್ವಲ್ಪ ಸಿಡಿಮಿಡಿ. ಹೋಗಹೋಗುತ್ತಾ ಅಭ್ಯಾಸವಾಗುತ್ತದೆ.

ಗ್ರಂಥಾಲಯದಲ್ಲಿ ಎಂದಿನಂತೆ. ಮಾತಾಡದವನೇ ಒಳ್ಳೆಯ ನೌಕರ ಅನ್ನುವ ಜಾಗ ಇನ್ನೆಲ್ಲಿ ಸಿಗಬೇಕು ಹೇಳು.

ತಮ್ಮ

*

ಫೆಬ್ರವರಿ 9

ಲೋ ತಮ್ಮಾ,

ಪೆಟ್ಟಿಗೆ ಬಂತು. ಕಟ್ಟಿದ್ದನ್ನು ಬಿಚ್ಚಲಿಕ್ಕೆ ಅರ್ಧ ಗಂಟೆ ಬೇಕಾಯಿತು. ಒಳಗಿರೋದು ವಜ್ರವೇನೋ ಅಂತ ಎಲ್ಲರೂ ಬಂದು ಸುತ್ತ ನಿಂತರು. ನೋಡಿದರೆ ನಿನ್ನ ಹಲ್ಲು!

ಈಗ ಬೈಸಿಕೊಳ್ಳಲು ತಯಾರಾಗು. ನಮ್ಮ ಹತ್ತಿರ ಒಂದು ಹಿತ್ತಾಳೆಯ ಚೌಕಟ್ಟು ಇರುತ್ತೆ. ದವಡೆಯ ಹಾಗೇ ಅದಕ್ಕೂ ಕೀಲು. ಅಚ್ಚುಗಳ ನಡುವೆ ಮೇಣ ಇಟ್ಟು ಅದರಲ್ಲಿ ಕೂರಿಸಿದೆ. ನೋಡಲು ಲಕ್ಷಣವಾಗಿತ್ತು, ಅರೆ ಇಷ್ಟೇನಾ ನನ್ನ ತಮ್ಮನ ಡೊಂಕು ಅನ್ನಿಸಿತು. ಆಮೇಲೆ ದೀಪ ಹತ್ತಿರ ತಂದೆ. ನೀನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೀಯ, ಚಿಕ್ಕಂದಿನಿಂದ. ನಿನ್ನ ಪಕ್ಕ ಮಲಗಿದವಳು ನಾನು, ನನಗೆ ಹೇಳಬೇಡ. ಕೋರೆಹಲ್ಲುಗಳ ಮೇಲೆ ಅದರ ಸವೆತ ಕನ್ನಡಿಯ ಹಾಗೆ ಮಿನುಗುತ್ತಿದೆ. ನಿದ್ದೆಯಲ್ಲಿ ದವಡೆ ತನ್ನ ನಿಜವಾದ ಜಾಗದಲ್ಲಿರುತ್ತೆ, ಮೇಲಿನ ಸವೆತಕ್ಕೆ ಕೆಳಗೆ ಜೋಡಿ ಇರಲೇಬೇಕು. ಇದೆ. ಆದರೆ ನಿನ್ನ ಮೇಣ ಇಟ್ಟಾಗ ಆ ಜೋಡಿಗಳು ಜಗಳವಾಡಿದ ಗಂಡ ಹೆಂಡಿರ ಹಾಗೆ ದೂರದೂರ ಕೂತಿವೆ. ಮೇಣ ತೆಗೆದು ಕೆಳಗಿನ ಅಚ್ಚನ್ನು ಬೆರಳಲ್ಲಿ ಹಿಂದಕ್ಕೆ ತಳ್ಳಿದೆ. ಏಳು ಮಿಲಿಮೀಟರ್ ಹೋದ ಮೇಲೆ ಒಂದಕ್ಕೊಂದು ಸಿಕ್ಕವು.

ಅಂದರೆ ನೀನು ಫೋಟೋಗೆ ನಿಂತ ಹಾಗೆ ಗದ್ದ ಮುಂದೆ ಮಾಡಿ ಕಚ್ಚಿದ್ದೀಯ. ಡಾಕ್ಟರ ಹತ್ತಿರವೂ ಶೋಕಿಯಾ? ಸರ್ಜನ್ ಇದನ್ನೇ ನಂಬಿದ್ದರೆ ನಿನ್ನ ದವಡೆ ಎಲ್ಲೋ ಹೋಗಿ ಕೂರುತ್ತಿತ್ತು. ಇನ್ನೊಂದು ಸಲ ಹೋಗು, ಈ ಸಲ ಸುಳ್ಳು ಕಚ್ಚಬೇಡ.

ಮಗುವಿನ ಮುಂದೆ ಎಚ್ಚರಿಕೆ ವಹಿಸಿದ್ದು ಜಾಣತನ. ಹಾಗೇ ಮುಂದುವರಿಸು.

ಅಕ್ಕ

*

ಫೆಬ್ರವರಿ 17

ಅಕ್ಕಾ,

ನಾನು ಸುಳ್ಳು ಕಚ್ಚಲಿಲ್ಲ. ನನಗೆ ಬರುವುದೇ ಆ ಒಂದು ಕಚ್ಚು.

ನೀನು ಹೀಗೆ ಬರೆದದ್ದು ನೋಡಿ ನನಗೆ ಬೇಸರವಾಯಿತು, ಯಾಕೆಂದರೆ ಕಲಿಸಿದವಳು ನೀನೇ. ಬಚ್ಚಲ ಬಾಗಿಲ ಹಿಂದಿನ ಕನ್ನಡಿ ಮರೆತೆಯಾ? ನನಗೆ ಆರು, ನಿನಗೆ ಹನ್ನೊಂದು. ಶಾಲೆಯ ವಾರ್ಷಿಕೋತ್ಸವದಲ್ಲಿ ನಾವಿಬ್ಬರೂ ಜೊತೆಯಾಗಿ ‘ಸೂರ್ಯ ಬಂದ ಸಾಲುಮನೆಗೆ ಸುಣ್ಣ ಬಳಿದ’ ಹೇಳಬೇಕಿತ್ತು. ಆ ಸಾಲು ನನ್ನ ಬಾಯಲ್ಲಿ ಒದ್ದೆಯಾಗಿ ಬರುತ್ತಿತ್ತು. ನೀನು ದಿನಾ ಶಾಲೆಯಿಂದ ಬಂದ ತಕ್ಷಣ ನನ್ನನ್ನು ಕನ್ನಡಿ ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿ, ಗದ್ದದ ಹಿಂದೆ ಮರದ ಬಾಚಣಿಗೆಯ ಬೆನ್ನು ಇಟ್ಟು ಮುಂದಕ್ಕೆ ಒತ್ತಿ ‘ಇಲ್ಲೇ ಇಟ್ಕೋ, ಈಗ ಹೇಳು’ ಅನ್ನುತ್ತಿದ್ದೆ. ಅಲ್ಲಿ ಇಟ್ಟುಕೊಂಡರೆ ‘ಸ’ ಹೆಚ್ಚುಕಡಿಮೆ ಸರಿಯಾಗಿ ಬರುತ್ತಿತ್ತು. ಒಂದು ತಿಂಗಳು ನೀನು ಆಟಕ್ಕೂ ಹೋಗಲಿಲ್ಲ.

ಆ ದಿನ ಜನ ಚಪ್ಪಾಳೆ ತಟ್ಟಿದರು, ನೀನೂ ತಟ್ಟಿದೆ. ಅಂದಿನಿಂದ ಇಪ್ಪತ್ತೆಂಟು ವರ್ಷ ನೀನು ಇಟ್ಟ ಜಾಗದಲ್ಲೇ ಗದ್ದವನ್ನು ಇಟ್ಟುಕೊಂಡಿದ್ದೇನೆ. ಉದ್ದ ಮಾತಾಡಿದಷ್ಟೂ ಜಾರುತ್ತದೆ, ಅದಕ್ಕೇ ಉದ್ದ ಮಾತಾಡುವುದಿಲ್ಲ. ನನಗೆ ಇಷ್ಟು ದೊಡ್ಡ ಉಪಕಾರ ಮಾಡಿದವರು ಇನ್ನೊಬ್ಬರಿಲ್ಲ ಅಂತ ಇವಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅದನ್ನೇ ನೀನು ಶೋಕಿ ಅಂದೆ.

ಡಾಕ್ಟರ ಹತ್ತಿರ ಮತ್ತೆ ಹೋಗುತ್ತೇನೆ. ಏನು ಮಾಡಬೇಕು ಅಂತ ಬಿಡಿಸಿ ಬರೆ.

ತಮ್ಮ

*

ಮಾರ್ಚ್ 3

ತಮ್ಮಾ,

ಉತ್ತರ ತಡವಾಯಿತು. ಲ್ಯಾಬಿನಲ್ಲಿ ಕೆಲಸ ಜಾಸ್ತಿ.

ಅಷ್ಟು ವರ್ಷ ಹಿಡಿದ ಸ್ನಾಯು ‘ಬಿಡು’ ಅಂದ ತಕ್ಷಣ ಬಿಡುವುದಿಲ್ಲ. ಹಿಂದಿನ ಹಲ್ಲುಗಳ ನಡುವೆ ಎರಡೂ ಕಡೆ ಹತ್ತಿಯ ಸುರುಳಿ ಇಟ್ಟು ಇಪ್ಪತ್ತು ನಿಮಿಷ ಕೂರಿಸಲು ಡಾಕ್ಟರಿಗೆ ಹೇಳು. ಹಲ್ಲಿಗೆ ಹಲ್ಲು ಸಿಗದಿದ್ದರೆ ದವಡೆಗೆ ತನ್ನ ಅಭ್ಯಾಸ ಮರೆತುಹೋಗುತ್ತದೆ. ಹತ್ತಿ ತೆಗೆದ ತಕ್ಷಣ, ಒಮ್ಮೆಯೂ ಹಲ್ಲು ತಾಗಿಸದೆ, ಮೇಣ ಕಚ್ಚಬೇಕು.

ಕಿವಿಯ ಹತ್ತಿರದ ನೋವು, ಲಟಕ್ ಅನ್ನುವ ಸದ್ದು ಎಲ್ಲ ದವಡೆಯನ್ನು ಎಳೆದು ಹಿಡಿದದ್ದರಿಂದಲೇ ಬಂದದ್ದು. ನೋವಿನ ವಿಷಯ ನೀನು ಮೊದಲೇ ಹೇಳಬೇಕಿತ್ತು.

ಕನ್ನಡಿ ನೆನಪಿದೆ.

ಅಕ್ಕ

*

ಮಾರ್ಚ್ 11

ಅಕ್ಕಾ,

ನಿನಗೊಂದು ವಿಷಯ ಅರ್ಧ ಹೇಳಿದ್ದೆ. ಇನ್ನರ್ಧ ಬರೆಯುತ್ತೇನೆ. ನೀನು ಬೈದರೂ ಸರಿ.

ಎಚ್ಚರಿಕೆ ವಹಿಸಿದ್ದೇನೆ ಅಂತ ಬರೆದೆನಲ್ಲ, ನಾನು ಮಾಡಿದ್ದು ಎಚ್ಚರಿಕೆಯಿಂದ ಮಾತಾಡುವುದಲ್ಲ. ಟೀಚರ್ ಹಾಗಂದ ದಿನದಿಂದ ಮಗಳ ಹತ್ತಿರ ಮಾತಾಡುವುದನ್ನೇ ಬಿಟ್ಟಿದ್ದೇನೆ. ಮೂರು ತಿಂಗಳಾಯಿತು. ಎತ್ತಿಕೊಳ್ಳುತ್ತೇನೆ, ಸ್ನಾನ ಮಾಡಿಸುತ್ತೇನೆ, ಶಿಶುವಿಹಾರಕ್ಕೆ ಬಿಡುತ್ತೇನೆ, ಬಾಯಿ ಮಾತ್ರ ಬಿಡುವುದಿಲ್ಲ. ಬೇಕು ಅಂದರೆ ತಲೆ ಆಡಿಸುತ್ತೇನೆ, ಬೇಡ ಅಂದರೆ ಕೈ. ಮೊದಮೊದಲು ಅವಳು ಗಲ್ಲ ಹಿಡಿದು ತಿರುಗಿಸಿ ‘ಅಪ್ಪಾ ಮಾತಾಡು, ಅಪ್ಪಾ ಮಾತಾಡು’ ಅನ್ನುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಇವಳು ಜಗಳವಾಡಿದಳು, ಅತ್ತಳು, ಒಂದು ವಾರ ತಾನೂ ನನ್ನ ಜೊತೆ ಮಾತು ಬಿಟ್ಟಳು. ನನ್ನ ಅಕ್ಕನೇ ಜಾಣತನ ಅಂದಿದ್ದಾಳೆ ನೋಡು ಅಂತ ನಿನ್ನ ಕಾಗದ ತೋರಿಸಿದೆ. ತಪ್ಪು ನಿನ್ನದಲ್ಲ, ನಾನು ಬರೆದದ್ದೇ ಹಾಗಿತ್ತು. ಒಂದೂವರೆ ವರ್ಷ ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತೇನೆ, ಆಮೇಲೆ ಒಳ್ಳೆಯ ಬಾಯಲ್ಲಿ ಜೀವನಪೂರ್ತಿ ಮಾತಾಡುತ್ತೇನೆ ಅಂತ ಲೆಕ್ಕ ಹಾಕಿದ್ದೆ.

ಮೊನ್ನೆ ಭಾನುವಾರ ಬೆಳಿಗ್ಗೆ ಇವಳು ಕೈಸನ್ನೆ ಮಾಡಿ ಅಡುಗೆಮನೆಯ ಬಾಗಿಲಿಗೆ ಕರೆದಳು. ಮೆಣಸು ನೆಲದ ಮೇಲೆ ಗೊಂಬೆಯನ್ನು ಎದುರಿಗೆ ಕೂರಿಸಿಕೊಂಡಿದ್ದಳು. ಗೊಂಬೆಯ ಪರವಾಗಿ ಸಣ್ಣ ದನಿಯಲ್ಲಿ ಏನೋ ಕೇಳುವುದು, ಆಮೇಲೆ ತಾನು ಗದ್ದವನ್ನು ಮುಂದಕ್ಕೆ ತಳ್ಳಿ, ತುಟಿ ಬಿಗಿದು, ಮಾತಾಡದೆ ಕೈ ಆಡಿಸುವುದು. ಮತ್ತೆ ಕೇಳುವುದು, ಮತ್ತೆ ಗದ್ದ ಮುಂದೆ. ‘ಏನು ಮಾಡ್ತಿದ್ದೀಯೇ ಮೆಣಸು?’ ಅಂದಳು ಇವಳು.

‘ಅಪ್ಪನ ಆಟ’ ಅಂದಳು.

ನನ್ನ ಮಾತು ಅವಳಿಗೆ ಬರಬಾರದು ಅಂತ ಇಷ್ಟು ಮಾಡಿದೆ. ಅದನ್ನು ಬಿಟ್ಟು ಮಿಕ್ಕದ್ದೆಲ್ಲ ಬಂದುಬಿಟ್ಟಿದೆ. ನನ್ನ ಗದ್ದ ಅಷ್ಟು ಮುಂದಿರುತ್ತದೆ ಅಂತ ನನಗೇ ಗೊತ್ತಿರಲಿಲ್ಲ, ಅವಳ ಮುಖದಲ್ಲಿ ನೋಡಿದೆ. ಮಾತಾಡಬೇಕು ಅಂತ ಎರಡು ಸಲ ಬಾಯಿ ತೆರೆದೆ, ಬರಲಿಲ್ಲ. ನನಗೆ ಭಯವಾಗಿದೆ ಅಕ್ಕಾ. ಏನು ಮಾಡಲಿ?

ತಮ್ಮ

*

ಮಾರ್ಚ್ 16

ತಮ್ಮಾ,

ಕಾಗದ ಕೈಗೆ ಬಂದ ತಕ್ಷಣ ಮಹಡಿ ಹತ್ತಿ ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ. ‘ಸ’ ಮಕ್ಕಳ ನಾಲಿಗೆಗೆ ತಡವಾಗಿ ಒಗ್ಗುವ ಅಕ್ಷರಗಳಲ್ಲಿ ಒಂದು. ಮೂರೂವರೆಗೆ ಅದು ಜಾರಿದರೆ ಗಾಬರಿ ಬೀಳಬೇಕಾಗಿಲ್ಲ, ಎಷ್ಟೋ ಮಕ್ಕಳಲ್ಲಿ ಇನ್ನೆರಡು ವರ್ಷದಲ್ಲಿ ತಾನೇ ಸರಿಹೋಗುತ್ತದೆ. ಹೋಗದಿದ್ದರೆ ಆಗ ಕರೆದುಕೊಂಡು ಬರಲಿ, ಕಲಿಸೋಣ. ಅವಳು ಕೇಳುವುದು ಅಪ್ಪನ ಮಾತೊಂದನ್ನೇ ಅಲ್ಲ, ಅಮ್ಮ, ಟೀಚರ್, ಬೀದಿಯ ಜನ ಎಲ್ಲರ ಮಾತನ್ನೂ ಕೇಳುತ್ತಾಳೆ. ‘ಡೊಂಕು ಮಾತಿನಿಂದ ಮಗು ಹಾಳಾಗಲ್ಲಮ್ಮಾ, ಮಾತಿಲ್ಲದಿದ್ದರೆ ಸೊರಗುತ್ತೆ. ನಿಮ್ಮ ತಮ್ಮನಿಗೆ ಇವತ್ತೇ ಮಾತಾಡೋಕೆ ಹೇಳಿ’ ಅಂದರು. ನಿನ್ನ ಕಾಗದ ಸರಿಯಾಗಿ ಓದದೆ ಹೊಗಳಿದ ನನಗೂ ಅವರ ಹತ್ತಿರ ಮಂಗಳಾರತಿ ಆಯಿತು. ಆಗಬೇಕಾದ್ದೇ.

ಈಗ ನನ್ನ ಇನ್ನರ್ಧ. ಹೋದ ಕಾಗದ ಬರೆಯಲು ಎರಡು ವಾರ ಹಿಡಿದದ್ದು ಕೆಲಸ ಜಾಸ್ತಿ ಆಗಿದ್ದಕ್ಕಲ್ಲ.

ನೀನು ಉಪಕಾರ ಅಂದೆ. ಅದು ಉಪಕಾರವಲ್ಲ ಕಣೋ. ನನ್ನ ತರಗತಿಯ ಹುಡುಗಿಯರು ನಿನ್ನನ್ನು ‘ಗಾಳಿ ಹೋದ ಟೈರು’ ಅನ್ನುತ್ತಿದ್ದರು. ವೇದಿಕೆಯ ಮೇಲೆ ನಿನ್ನ ಪಕ್ಕ ನಿಲ್ಲಬೇಕು ಅಂದಾಗ ನನಗೆ ನಾಚಿಕೆಯಾಯಿತು. ಬೇರೆ ಯಾರ ಜೊತೆಯಾದರೂ ಹಾಕಿ ಅಂತ ಟೀಚರನ್ನು ಕೇಳಿದೆ, ಅವರು ಒಪ್ಪಲಿಲ್ಲ. ಆಗ ಬಾಚಣಿಗೆ ತಂದೆ. ನೀನು ನೋವು ಅಂತ ಅತ್ತಾಗ ಇನ್ನೂ ಜೋರಾಗಿ ಒತ್ತಿದೆ. ಗದ್ದದ ಕೆಳಗೆ ಕೆಂಪು ಗೆರೆ ಎದ್ದಿತ್ತು, ಅಮ್ಮ ಕೇಳಿದಾಗ ಆಡುವಾಗ ಬಿದ್ದ ಅಂದೆ. ನೀನೂ ಹೌದು ಅಂದೆ! ಆ ದಿನ ನಾನು ಚಪ್ಪಾಳೆ ತಟ್ಟಿದ್ದು ನೀನು ಚೆನ್ನಾಗಿ ಹೇಳಿದೆ ಅಂತಲ್ಲ, ಸದ್ಯ ನನ್ನ ಮಾನ ಉಳಿಯಿತು ಅಂತ.

ನೀನು ಅದನ್ನು ಇಪ್ಪತ್ತೆಂಟು ವರ್ಷ ಮುಖದಲ್ಲಿ ಹೊತ್ತುಕೊಂಡು ತಿರುಗುತ್ತೀಯ ಅಂತ ನನಗೆ ಗೊತ್ತಿರಲಿಲ್ಲ. ನಿನ್ನ ಮೇಣ ನನ್ನ ಮುಂದಿದೆ. ಅದರಲ್ಲಿರುವ ಸುಳ್ಳು ನಿನ್ನದಲ್ಲ, ನನ್ನದು. ಕ್ಷಮಿಸು ಅನ್ನಲು ಬಾಯಿ ಬರುತ್ತಿಲ್ಲ, ಬರೆಯುತ್ತಿದ್ದೇನೆ. ಕ್ಷಮಿಸು.

ಇವತ್ತೇ ಮಾತಾಡೋ. ದಮ್ಮಯ್ಯ.

ಅಕ್ಕ

*

ಏಪ್ರಿಲ್ 2

ಅಕ್ಕಾ,

ನಾಲ್ಕು ದಿನ ನಿನ್ನ ಮೇಲೆ ಉರಿದುಬಿದ್ದೆ. ಒಂದು ಒಳ್ಳೆಯ ನೆನಪು ಇತ್ತು, ಅದನ್ನೂ ಕಿತ್ತುಕೊಂಡಳಲ್ಲ ಅಂತ. ಹರಿದ ಪುಸ್ತಕವೊಂದರ ಬೆನ್ನಿಗೆ ಅಂಟು ಹಚ್ಚುತ್ತಾ, ಬರೆದರೆ ಏನು ಬರೆಯಬೇಕು ಅಂತ ಮನಸ್ಸಿನಲ್ಲೇ ಬೈಗುಳ ಕೂಡಿಸಿದೆ. ಎಲ್ಲ ಬೈಗುಳದಲ್ಲೂ ‘ಸ’ ಇತ್ತು.

ಐದನೇ ದಿನ ನನ್ನನ್ನೇ ಕೇಳಿಕೊಂಡೆ. ಟೀಚರ್ ಹಾಗಂದಾಗ ನನ್ನ ಎದೆ ಉರಿದದ್ದು ಮಗುವಿನ ನಾಳೆಗಾಗಿಯೋ, ಗೇಟಿನ ಬಳಿ ನಕ್ಕ ನಾಲ್ಕು ಜನರಿಗಾಗಿಯೋ? ಎಷ್ಟು ಸಲ ಕೇಳಿಕೊಂಡರೂ ಉತ್ತರ ಒಂದೇ. ನೀನು ಹನ್ನೊಂದು ವರ್ಷದ ಹುಡುಗಿ. ನನಗೆ ಮೂವತ್ತನಾಲ್ಕು. ನಿನ್ನನ್ನು ಬೈಯುವ ಹಕ್ಕು ಅಲ್ಲಿಗೆ ಮುಗಿಯಿತು. ಒಂದು ತಿಂಗಳು ಆಟ ಬಿಟ್ಟದ್ದು ನಿಜ ತಾನೆ? ಅಷ್ಟನ್ನು ನಾನು ಉಪಕಾರದ ಕಡೆಗೇ ಇಟ್ಟುಕೊಳ್ಳುತ್ತೇನೆ.

ಆದರೂ ಮಾತು ಬರಲಿಲ್ಲ. ಮೂರು ತಿಂಗಳು ಮುಚ್ಚಿದ್ದನ್ನು ಏನಂತ ತೆರೆಯುವುದು? ಮೊದಲ ಮಾತು ಯಾವುದು? ಹೀಗೇ ಎರಡು ವಾರ ಹೋಯಿತು.

ನಿನ್ನೆ ಮೇಣ ಕಚ್ಚಲು ಹೋದೆ. ಇವಳಿಗೆ ಕೆಲಸವಿತ್ತು, ಮೆಣಸನ್ನೂ ಕರೆದುಕೊಂಡು ಹೋಗಬೇಕಾಯಿತು. ಡಾಕ್ಟರು ನಿನ್ನ ಕಾಗದ ಓದಿ, ತಲೆಯಾಡಿಸಿ, ಎರಡೂ ಕಡೆ ಹತ್ತಿಯ ಸುರುಳಿ ತುರುಕಿ, ಗಡಿಯಾರ ತೋರಿಸಿ ಹೊರಗೆ ಹೋದರು. ಮೆಣಸು ಪಕ್ಕದ ಸ್ಟೂಲಿನ ಮೇಲೆ. ಐದು ನಿಮಿಷ ನನ್ನ ಬಾಯನ್ನೇ ನೋಡಿದಳು. ಆಮೇಲೆ ಇಳಿದು ಬಂದು, ತೋಳು ಹಿಡಿದು, ‘ಅಪ್ಪಾ, ಬಾಯಲ್ಲಿ ಏನು?’ ಅಂದಳು.

‘ಹತ್ತಿ’ ಅಂದೆ. ಬಂದದ್ದು ‘ಹಹ್ಹಿ’.

ಅವಳು ಬಿದ್ದುಬಿದ್ದು ನಕ್ಕಳು. ‘ಇನ್ನೊಂದು ಸಲ!’ ಅಂದಳು. ಇನ್ನೊಂದು ಸಲ ಅಂದೆ. ಯಾಕೆ ಅಂದಳು, ಹೇಳಿದೆ. ಯಾರು ಇಟ್ಟರು, ಯಾವಾಗ ತೆಗೀತಾರೆ, ನೋಯತ್ತಾ, ನನಗೂ ಬೇಕು. ಎಲ್ಲಕ್ಕೂ ಉತ್ತರ ಕೊಟ್ಟೆ. ಬಾಯಲ್ಲಿ ಹತ್ತಿ ಇದ್ದರೆ ಯಾರ ಮಾತಾದರೂ ಹಾಗೇ ಬರುತ್ತದೆ, ಆ ಧೈರ್ಯ. ಡಾಕ್ಟರು ವಾಪಸು ಬಂದಾಗ ನಾನು ಆನೆಯ ಕತೆ ಹೇಳುತ್ತಿದ್ದೆ. ಮಗಳ ಬಾಯಲ್ಲೂ ಒಂದು ಸುರುಳಿ ಇತ್ತು, ಡಬ್ಬಿಯಿಂದ ಅವಳೇ ತೆಗೆದುಕೊಂಡದ್ದು.

ಹತ್ತಿ ತೆಗೆದಾಗ ದವಡೆ ನನ್ನದಲ್ಲ ಅನ್ನುವಷ್ಟು ಹಗುರವಾಗಿತ್ತು. ತಾನಾಗಿ ಹಿಂದಕ್ಕೆ ಹೋಗಿ ಕೂತಿತು. ಹಾಗೇ ಕಚ್ಚಿದೆ. ಮೇಣ ಕಳಿಸುತ್ತಿದ್ದೇನೆ. ಕನ್ನಡಿಯಲ್ಲಿ ನೋಡಿಕೊಂಡೆ, ಗದ್ದವೇ ಇಲ್ಲದವನ ಹಾಗೆ ಕಂಡೆ. ಆದರೆ ನಿನ್ನೆ ಸಾಯಂಕಾಲ ಕಿವಿಯ ಹತ್ತಿರ ನೋವು ಬರಲಿಲ್ಲ.

ತಮ್ಮ

*

ಏಪ್ರಿಲ್ 10

ಅಪ್ಪಾ ತಂದೆ,

ಮೇಣ ಬಂತು. ಲ್ಯಾಬಿನವರನ್ನೆಲ್ಲ ಆಚೆ ಕಳಿಸಿದೆ. ಅಚ್ಚುಗಳ ನಡುವೆ ಇಟ್ಟು, ಚೌಕಟ್ಟು ಮುಚ್ಚಿದೆ. ಟಕ್! ಸವೆತಕ್ಕೆ ಸವೆತ ಕೂತಿತು, ಕೂದಲೆಳೆಯಷ್ಟೂ ಸಂದಿ ಇಲ್ಲ. ಇದೇ ನನ್ನ ತಮ್ಮನ ಬಾಯಿ. ಬಚ್ಚಲಿಗೆ ಕರೆದುಕೊಂಡು ಹೋಗುವ ಮುಂಚಿನದು. ಅದರ ಮುಂದೆ ಕೂತು ಚೆನ್ನಾಗಿ ಅತ್ತೆ. ಪ್ಲಾಸ್ಟರ್ ನೆನೆಯಬಾರದು ಅಂತ ಮುಖ ಆ ಕಡೆ ತಿರುಗಿಸಿ ಅತ್ತೆ, ಹೊಟ್ಟೆಪಾಡು ನೋಡು.

ಸರ್ಜನ್ ನೋಡಿದರು. ತಂತಿ, ಆಪರೇಷನ್ ಎರಡೂ ಮಾಡಿಸಬಹುದು, ಕೀಲಿನ ನೋವಿಗೆ ಅದು ಒಳ್ಳೆಯದೇ. ಆದರೆ ‘ಸ’ ಪೂರ್ತಿ ನೆಟ್ಟಗಾಗುತ್ತದೆ ಅಂತ ಯಾರೂ ಮಾತು ಕೊಡಲಾರರು. ಎಲುಬನ್ನು ಅವರು ಸರಿಸುತ್ತಾರೆ, ನಾಲಿಗೆ ಮೂವತ್ತನಾಲ್ಕು ವರ್ಷದ ಹಟಮಾರಿ. ನಿನಗೆ ಬೇಕಾದರೆ ಮಾಡಿಸಿಕೋ. ನನಗಾಗಿಯೂ ಬೇಡ, ಗೇಟಿನ ಬಳಿ ನಿಂತವರಿಗಾಗಿಯೂ ಬೇಡ.

ಅದಿರಲಿ. ನಿನ್ನ ಕಾಗದವನ್ನು ಈ ಸಲ ಮೂರು ಸಲ ಓದಿದೆ, ಹಿಂದಿನ ಹಾಗೆ ಮೋಸಹೋಗುವವಳಲ್ಲ. ಹತ್ತಿ ಇದ್ದಾಗ ಮಾತಾಡಿದೆ ಅಂತ ಬರೆದಿದ್ದೀಯ. ಹತ್ತಿ ತೆಗೆದ ಮೇಲೆ?

ಅಕ್ಕ

*

ಏಪ್ರಿಲ್ 19

ಅಕ್ಕಾ,

ಹತ್ತಿ ತೆಗೆದ ಮೇಲೆ ಇಲ್ಲ. ಸಿಕ್ಕಿಬಿದ್ದೆ. ದಾರಿಯುದ್ದಕ್ಕೂ ಅವಳು ಕೇಳಿದಳು, ನಾನು ಮತ್ತೆ ತಲೆ ಆಡಿಸಿದೆ. ಮನೆಗೆ ಬಂದ ಮೇಲೆ ಅವಳು ಹಾಸಿಗೆಯ ಮೂಲೆ ಬಿಚ್ಚಿ ಒಂದು ಹಿಡಿ ಹತ್ತಿ ತಂದು ನನ್ನ ಬಾಯಿಗೆ ಹಿಡಿದಳು. ‘ಇಟ್ಕೋ ಅಪ್ಪಾ, ಮಾತಾಡು’ ಅಂದಳು. ಇವಳು ಎದ್ದು ಒಳಗೆ ಹೋದಳು. ಇದನ್ನು ನಿನಗೆ ಬರೆಯಲು ಹೋದ ಸಲ ಧೈರ್ಯ ಬರಲಿಲ್ಲ.

ನಿನ್ನ ಕಾಗದ ಬಂದದ್ದು ಮೊನ್ನೆ. ‘ಹತ್ತಿ ತೆಗೆದ ಮೇಲೆ?’ ಅನ್ನುವ ಸಾಲನ್ನು ಜೇಬಿನಲ್ಲಿಟ್ಟುಕೊಂಡು ಶಿಶುವಿಹಾರಕ್ಕೆ ಹೋದೆ. ಸ್ವಲ್ಪ ಬೇಗನೇ ಹೋದೆ. ಗೇಟಿನ ಬಳಿ ಅದೇ ಟೀಚರ್, ಅದೇ ತಾಯಂದಿರು. ಮೂವತ್ತು ಮಕ್ಕಳು ಅಂಗಳದಲ್ಲಿ ಒಂದೇ ಸಮನೆ ಕಿರುಚುತ್ತಾ ಓಡುತ್ತಿದ್ದವು. ಅವಳು ಆ ತುದಿಯಲ್ಲಿ, ನನಗೆ ಬೆನ್ನು ಹಾಕಿ, ಮರಳಲ್ಲಿ ಕೂತಿದ್ದಳು. ದಿನಾ ನಾನು ಒಳಗೆ ಹೋಗಿ ಭುಜ ಮುಟ್ಟಿ ಕರೆದುಕೊಂಡು ಬರುತ್ತೇನೆ.

ಗದ್ದವನ್ನು ಬಿಟ್ಟೆ, ಅದು ಹಿಂದಕ್ಕೆ ಹೋಯಿತು. ಗೇಟಿನ ಸರಳು ಹಿಡಿದುಕೊಂಡು, ನನ್ನ ಕೈಲಾದಷ್ಟು ಜೋರಾಗಿ ‘ಮೆಣಸೂ’ ಅಂತ ಕೂಗಿದೆ.

ಕೊನೆಯ ಅಕ್ಷರ ಹೇಗೆ ಬಂತು ಅಂತ ನಿನಗೆ ಬರೆದು ತೋರಿಸಲು ಆಗುವುದಿಲ್ಲ, ಅದಕ್ಕೆ ಅಕ್ಷರ ಇಲ್ಲ. ಪಕ್ಕದಲ್ಲಿ ನಿಂತಿದ್ದವರು ಏನು ಮಾಡಿದರೋ, ನಕ್ಕರೋ ಇಲ್ಲವೋ, ನಾನು ಆ ಕಡೆ ನೋಡಲಿಲ್ಲ. ಮೂವತ್ತು ಮಕ್ಕಳಲ್ಲಿ ತಿರುಗಿದ್ದು ಒಬ್ಬಳೇ.

ಓಡಿ ಬಂದಳು, ಕೈತುಂಬ ಮರಳು. ‘ಅಪ್ಪಾ, ಹತ್ತಿ ಎಲ್ಲಿ?’ ಅಂದಳು.

ಭಾನುವಾರ ಹತ್ತು ಗಂಟೆಗೆ ಫೋನ್ ಮಾಡುತ್ತೇನೆ. ತೆಗೆದುಕೋ.

ನಿನ್ನ ತಮ್ಮ